ಏಜೆಂಟ್ ತೆಗೆದಾಯ್ತು ಅಂದರೆ ನಂಬಬೇಡಿ, ನಾನು ನಂಬಿ ಕೆಟ್ಟೆ

ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದರೆ ಕ್ಷಮಿಸಿ.

ನಾನು ನೋಡಿಕೊಳ್ಳುವುದು 46 ಸರ್ವರ್. 40 ಲಿನಕ್ಸ್, 6 ಎಐಎಕ್ಸ್ (ಐಬಿಎಂನ ಯುನಿಕ್ಸ್). ಮೂರು ವರ್ಷದಿಂದ ಎಲ್ಲದರ ಮೇಲೂ ಒಂದು ಕಂಪನಿಯ ಮ್ಯಾನೇಜ್‌ಮೆಂಟ್ ಏಜೆಂಟ್, ಅಂದರೆ ಮೆಷೀನಿನ ಮೇಲೆ ಕಣ್ಣಿಟ್ಟು ಅವರ ಸರ್ವರಿಗೆ ವರದಿ ಮಾಡುವ ಪ್ರೋಗ್ರಾಮ್, ಓಡುತ್ತಿತ್ತು. ಹಾಕುವಾಗ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಕನ್ಸೋಲ್‌ನಲ್ಲಿ ಮೆಷೀನುಗಳ ಹೆಸರು ಕೊಟ್ಟು, ಸುಡೋ (ರೂಟ್, ಅಂದರೆ ಮೆಷೀನಿನ ಸರ್ವಾಧಿಕಾರಿ ಅಕೌಂಟಾಗಿ ಕಮಾಂಡ್ ಓಡಿಸುವ ಅನುಮತಿ) ಇರುವ ಒಂದು ಲಾಗಿನ್ ಕೊಟ್ಟರೆ ಸಾಕು. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ದಾರಿ) ಒಳಗೆ ಬಂದು, ಪ್ಯಾಕೇಜ್ ಇಳಿಸಿ, ಸರ್ಟಿಫಿಕೇಟಿಗೆ ಸಹಿ ಹಾಕಿಸಿಕೊಂಡು, ಹಸಿರು ಗುರುತು ತೋರಿಸುತ್ತೆ. ಅಷ್ಟೂ ಮೆಷೀನಿಗೆ ಅರ್ಧ ದಿನ ಹಿಡಿಯಲಿಲ್ಲ. ಅವತ್ತು ಅವರ ಎಂಜಿನಿಯರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ತೆಗೆಯೋದು ಇದಕ್ಕಿಂತ ಸುಲಭ ಸರ್, ಒಂದೇ ಕಮಾಂಡ್.”

ಒಂದೇ ಕಮಾಂಡ್!

ಕರಾರು ಮುಗಿದ ದಿನ ಸಂಜೆಯೇ ಅವರು ತಮ್ಮ ಮ್ಯಾನೇಜ್‌ಮೆಂಟ್ ಸರ್ವರ್ ಆರಿಸಿಬಿಟ್ಟರು. ಮಾರನೇ ಬೆಳಿಗ್ಗೆ ನಾನು ಏಜೆಂಟ್ ತೆಗೆಯಲು ಕೂತೆ. ಮೊದಲನೇ ಮೆಷೀನಿನಲ್ಲೇ ಆರ್‌ಪಿಎಂ (ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್) ಒಪ್ಪಲಿಲ್ಲ. ಪ್ಯಾಕೇಜ್ ಹೋಗುವ ಮುಂಚೆ ಓಡುವ ಸ್ಕ್ರಿಪ್ಟ್ ಫೇಲ್ ಆಗುತ್ತಿತ್ತು. ಆ ಸ್ಕ್ರಿಪ್ಟ್ ಮೊದಲು ಮ್ಯಾನೇಜ್‌ಮೆಂಟ್ ಸರ್ವರಿಗೆ ಹೋಗಿ “ನನ್ನ ಹೆಸರು ತೆಗೀರಿ” ಅಂತ ಕೇಳುತ್ತೆ. ಸರ್ವರ್ರೇ ಇಲ್ಲ. ಸ್ಕ್ರಿಪ್ಟ್ ಫೇಲ್. ಸ್ಕ್ರಿಪ್ಟ್ ಫೇಲ್ ಆದರೆ ಆರ್‌ಪಿಎಂ ಪ್ಯಾಕೇಜನ್ನು ಮುಟ್ಟುವುದೇ ಇಲ್ಲ.

ಫೋನ್ ಮಾಡಿದೆ. ಅದೇ ಎಂಜಿನಿಯರ್. ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. “ಅದೇನಿಲ್ಲ ಸರ್, ನೋ-ಸ್ಕ್ರಿಪ್ಟ್ಸ್ ಅಂತ ಸೇರಿಸಿ ಹೊಡೀರಿ, ಹೋಗುತ್ತೆ. ಆಮೇಲೆ ಆಪ್ಟ್ ಕೆಳಗೆ, ವಾರ್-ಆಪ್ಟ್ ಕೆಳಗೆ ನಮ್ಮ ಫೋಲ್ಡರ್ ಇದ್ದರೆ ಡಿಲೀಟ್ ಮಾಡಿಬಿಡಿ. ಕ್ಲೀನ್.”

ಹೊಡೆದೆ. ಹೋಯಿತು. ಆರ್‌ಪಿಎಂ ಕೇಳಿದರೆ “ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲ” ಅಂತ ಉತ್ತರ ಬಂತು. ಉಳಿದ ಮೆಷೀನುಗಳಲ್ಲೂ ಅಂಥದ್ದೇ ಉತ್ತರ ನೋಡಿ, “ಏಜೆಂಟ್ ಪೂರ್ತಿ ತೆಗೆಯಲಾಗಿದೆ” ಅಂತ ಬರೆದು ಸಹಿ ಮಾಡಿ ಮ್ಯಾನೇಜರ್‌ಗೆ ಕೊಟ್ಟೆ. ಆ ಕಾಗದ ನೆನೆದರೆ ಈಗಲೂ ಮುಖ ಬಿಸಿಯಾಗುತ್ತೆ. ನಾನು ಕೇಳಿದ್ದು ಆರ್‌ಪಿಎಂನ ಪುಸ್ತಕವನ್ನು. ಮೆಷೀನನ್ನು ಕೇಳಲೇ ಇಲ್ಲ.

ಎರಡು ತಿಂಗಳ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ಸರ್ವರ್ ನಿಂತುಹೋಯಿತು. ವಾರ್ ಪಾರ್ಟಿಷನ್ (ಲಾಗುಗಳೆಲ್ಲ ಕೂರುವ ಡಿಸ್ಕಿನ ಭಾಗ) ನೂರಕ್ಕೆ ನೂರು ತುಂಬಿತ್ತು. ಡಿಸ್ಕಿನಲ್ಲಿ ಎಷ್ಟು ಜಾಗ ಹೋಗಿದೆ ಅಂತ ಹೇಳುವ ಡಿಎಫ್ ಹೊಡೆದರೆ ಫುಲ್ ಅನ್ನುತ್ತೆ. ಕಾಣುವ ಫೈಲುಗಳನ್ನು ಕೂಡಿಸುವ ಡಿಯು ಹೊಡೆದರೆ ಅರ್ಧವೂ ಇಲ್ಲ ಅನ್ನುತ್ತೆ. ಒಂದು ಗಂಟೆ ಫೋಲ್ಡರ್ ಫೋಲ್ಡರ್ ತಡಕಾಡಿದೆ. ಎಲ್ಲೂ ಏನೂ ಇಲ್ಲ. ಕೊನೆಗೆ ಎಲ್‌ಎಸ್‌ಓಎಫ್‌ನಲ್ಲಿ (ಯಾವ ಪ್ರೋಸೆಸ್ ಯಾವ ಫೈಲ್ ತೆರೆದಿದೆ ಅಂತ ತೋರಿಸುವ ಕಮಾಂಡ್), ವಾರ್‌ನಲ್ಲಿ ಅಳಿಸಿದ ಮೇಲೂ ತೆರೆದೇ ಇರುವ ಫೈಲುಗಳನ್ನು ಮಾತ್ರ ತೋರಿಸು ಅಂದೆ. ಒಂದೇ ಸಾಲು ಬಂತು. ವಾರ್-ಆಪ್ಟ್ ಕೆಳಗಿನ ಒಂದು ಲಾಗ್ ಫೈಲ್. ಪಕ್ಕದಲ್ಲಿ ಡಿಲೀಟೆಡ್ ಅಂತ. ಅದನ್ನು ಹಿಡಿದುಕೊಂಡಿದ್ದ ಪ್ರೋಸೆಸ್‌ನ ಹೆಸರು, ಅದೇ ಏಜೆಂಟ್!

ಕೈಕಾಲು ತಣ್ಣಗಾಯಿತು. ನಾನು ಎರಡು ತಿಂಗಳ ಹಿಂದೆ ತೆಗೆದ ಏಜೆಂಟ್. ಸಹಿ ಮಾಡಿ ಕೊಟ್ಟ ಏಜೆಂಟ್. ಓಡುತ್ತಿರುವ ಪ್ರೋಸೆಸ್‌ಗಳ ವಿವರ ಇರುವ ಪ್ರೋಕ್ ಫೋಲ್ಡರಿನ ಕೆಳಗೆ ಅದರ ನಂಬರಿಗೆ ಹೋಗಿ ನೋಡಿದೆ. ಓಡುತ್ತಿರುವ ಪ್ರೋಗ್ರಾಮಿನ ಫೈಲಿನ ಮುಂದೆಯೂ ಡಿಲೀಟೆಡ್. ಡಿಸ್ಕಿನಲ್ಲಿ ಫೈಲ್ ಇಲ್ಲ, ಮೆಮೊರಿಯಲ್ಲಿ ಆರಾಮಾಗಿ ಓಡುತ್ತಿದೆ, ನೆಟ್‌ವರ್ಕಿನಿಂದ ಮಾತಾಡಿಸಬಹುದಾದ ಪೋರ್ಟ್ ತೆರೆದು ಕೂತಿದೆ.

ಆಗಿದ್ದು ಇಷ್ಟು. ಸರ್ವಿಸ್ ನಿಲ್ಲಿಸುವ ಕೆಲಸ ಇದ್ದದ್ದು ಆ ಸ್ಕ್ರಿಪ್ಟಿನೊಳಗೇ. ನೋ-ಸ್ಕ್ರಿಪ್ಟ್ಸ್ ಅಂದರೆ ಅದು ಓಡುವುದೇ ಇಲ್ಲ, ಬರೀ ಫೈಲ್ ಅಳಿಯುತ್ತೆ. ಏಜೆಂಟ್ ಓಡುತ್ತಲೇ ಇತ್ತು, ಆರಿಹೋದ ಸರ್ವರನ್ನು ಹುಡುಕುತ್ತಲೇ ಇತ್ತು, ಸಿಗದೇ ಹೋದಾಗಲೆಲ್ಲ ಲಾಗಿಗೆ ಒಂದು ಎರರ್ ಬರೆಯುತ್ತಿತ್ತು. ನಾನು ಅಳಿಸಿದ ಲಾಗಿಗೆ! ಫೈಲಿನ ಹೆಸರು ಹೋಗಿತ್ತು, ಜಾಗ ಮಾತ್ರ ತುಂಬುತ್ತಾ ಹೋಗಿತ್ತು.

ಬೆಳಿಗ್ಗೆ ಎಲ್ಲಾ ಮೆಷೀನ್ ನೋಡಿದೆ. 19ರಲ್ಲಿ ಏಜೆಂಟ್ ಇನ್ನೂ ಜೀವಂತ. ಉಳಿದವು ನಡುವೆ ಯಾವಾಗಲೋ ರೀಬೂಟ್ ಆಗಿದ್ದರಿಂದ ಬಚಾವ್. ಉಬುಂಟು ಮೆಷೀನುಗಳಲ್ಲಿ ತೆಗೆಯುವಾಗ ತಕರಾರು ಬಂದಿರಲಿಲ್ಲ, ಆದರೆ ಡಿಪಿಕೆಜಿ (ಅಲ್ಲಿನ ಆರ್‌ಪಿಎಂ ಇದ್ದ ಹಾಗೆ) ಪಟ್ಟಿಯಲ್ಲಿ ಹೆಸರಿನ ಮುಂದೆ ಆರ್‌ಸಿ ಅಂತ ಹಾಗೇ ಇತ್ತು. ಅಂದರೆ ರಿಮೂವ್ ಆಗಿದೆ, ಕಾನ್ಫಿಗ್ ಉಳಿದಿದೆ. ಕಾನ್ಫಿಗ್ ಸಮೇತ ಅಳಿಸುವ ಪರ್ಜ್ ಮಾಡಬೇಕಿತ್ತು. ಎಐಎಕ್ಸ್‌ನಲ್ಲಿ ಇನಿಟ್‌ಟ್ಯಾಬ್‌ (ಮೆಷೀನ್ ತಾನಾಗಿ ಓಡಿಸಬೇಕಾದವುಗಳ ಪಟ್ಟಿ) ಒಳಗೆ ಏಜೆಂಟಿನ ಸಾಲು ಹಾಗೇ ಬಿದ್ದಿತ್ತು, ಇಲ್ಲದ ಫೈಲನ್ನು ಮತ್ತೆ ಮತ್ತೆ ಎಬ್ಬಿಸಲು ನೋಡುತ್ತಾ.

ಇದೆಲ್ಲ ಒಂದು ಕಡೆ. ನಿಜವಾಗಿ ಹೊಟ್ಟೆ ಉರಿದಿದ್ದು ಆಮೇಲೆ. 40 ಲಿನಕ್ಸ್ ಮೆಷೀನಿನಲ್ಲೂ ಅವರ ಯೂಸರ್ ಅಕೌಂಟ್ ಇತ್ತು. ಯಾರಿಗೆ ಸುಡೋ ಇದೆ ಅಂತ ಬರೆದಿಡುವ ಸುಡೋಯರ್ಸ್‌-ಡಿ ಫೋಲ್ಡರಿನಲ್ಲಿ ಅದರ ಹೆಸರಲ್ಲಿ ಒಂದು ಫೈಲ್. ಒಳಗೆ ಒಂದೇ ಸಾಲು: ಪಾಸ್‌ವರ್ಡ್ ಬೇಡ, ಎಲ್ಲಾ ಕಮಾಂಡಿಗೂ ಅನುಮತಿ. ಪಾಸ್‌ವರ್ಡ್ ಇಲ್ಲದೆ ಯಾರ ಕೀಗೆ ಎಸ್‌ಎಸ್‌ಎಚ್ ಬಾಗಿಲು ತೆರೆಯಬೇಕು ಅಂತ ಬರೆದಿರುವ, ಆ ಅಕೌಂಟಿನ ಆಥರೈಸ್ಡ್ ಕೀಸ್ ಫೈಲಿನಲ್ಲಿ ಅವರ ಕೀ. ಅಂದರೆ ಕರಾರು ಮುಗಿದು ಎರಡು ತಿಂಗಳಾದರೂ ನಮ್ಮ ಮನೆಯ ಬೀಗದ ಕೈ ಅವರ ಜೇಬಿನಲ್ಲೇ ಇತ್ತು.

ಟಿಕೆಟ್ ಹಾಕಿದೆ. ಮೊದಲ ಉತ್ತರ: “ನಮ್ಮ ಕನ್ಸೋಲ್‌ನಲ್ಲಿ ನಿಮ್ಮ ಮೆಷೀನುಗಳು ಕಾಣುತ್ತಿಲ್ಲ, ಆದ್ದರಿಂದ ಏಜೆಂಟ್ ತೆಗೆಯಲಾಗಿದೆ.” ಕನ್ಸೋಲನ್ನೇ ಆರಿಸಿದ ಮೇಲೆ ಕಾಣುವುದು ಹೇಗೆ?

ಎರಡನೇ ಉತ್ತರ: “ಆ ಅಕೌಂಟ್ ನಿಮ್ಮ ಕಡೆಯವರೇ ಮಾಡಿದ್ದು, ನಮ್ಮ ಸಾಫ್ಟ್‌ವೇರ್ ಅಕೌಂಟ್ ಮಾಡುವುದಿಲ್ಲ.” ಹಳೆಯ ಪ್ಯಾಕೇಜ್ ಫೈಲ್ ಪುಣ್ಯಕ್ಕೆ ನನ್ನ ಹತ್ತಿರ ಇತ್ತು. ಆರ್‌ಪಿಎಂಗೆ ಅದರೊಳಗಿನ ಸ್ಕ್ರಿಪ್ಟ್ ತೋರಿಸು ಅಂದೆ. ಅಕೌಂಟ್ ಮಾಡುವ ಯೂಸರ್‌ಆ್ಯಡ್ ಸಾಲು ಕಣ್ಣಿಗೆ ರಾಚುವ ಹಾಗೆ ಇತ್ತು, ಅದರ ಕೆಳಗೇ ಸುಡೋಯರ್ಸ್ ಫೈಲ್ ಬರೆಯುವ ಸಾಲು. ಹಾಗೇ ಕಾಪಿ ಮಾಡಿ ಕಳಿಸಿದೆ. ಮೂರು ದಿನ ಸುಮ್ಮನಿದ್ದರು.

ಮೂರನೇ ಉತ್ತರ: “ನೋ-ಸ್ಕ್ರಿಪ್ಟ್ಸ್ ಬಳಸಲು ನಾವು ಯಾವತ್ತೂ ಸಲಹೆ ಕೊಡುವುದಿಲ್ಲ. ಸಲಹೆ ಕೊಟ್ಟ ಮೇಲ್ ಇದ್ದರೆ ಕಳಿಸಿ.” ಮೇಲ್ ಎಲ್ಲಿಂದ ತರಲಿ? ಫೋನಿನಲ್ಲಿ ಹೇಳಿದ್ದಲ್ವಾ! ಇಲ್ಲಿ ನಾನು ಪೂರ್ತಿ ಮೂರ್ಖನಾದೆ ಅನ್ನಿಸಿತು. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಮೇಲ್ ಕೇಳಿದರು.

ಮ್ಯಾನೇಜರ್ ಕೇಳಿದರು, “ಬರೀ ಮಾನಿಟರಿಂಗ್ ಏಜೆಂಟ್ ಅಲ್ವಾ, ಅಷ್ಟು ದೊಡ್ಡದೇನು?” ನಾನು 2021ರ ಸೆಪ್ಟೆಂಬರ್ ನೆನಪಿಸಿದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಲಿನಕ್ಸ್ ಮೆಷೀನುಗಳಲ್ಲಿ ಓಎಂಐ ಅನ್ನುವ ಏಜೆಂಟಿನಲ್ಲಿ ಓಎಂಐಗಾಡ್ ಅಂತ ಹೆಸರಾದ ದೋಷಗಳು ಸಿಕ್ಕಿದ್ದವು. ಅತಿ ಕೆಟ್ಟದ್ದಕ್ಕೆ ಗಂಭೀರತೆಯಲ್ಲಿ ಹತ್ತಕ್ಕೆ 9.8 ಅಂಕ. ಗುರುತಿನ ಹೆಡರ್ ಇಲ್ಲದೆ ಒಂದು ರಿಕ್ವೆಸ್ಟ್ ಕಳಿಸಿದರೆ ರೂಟ್ ಆಗಿ ಕಮಾಂಡ್ ಓಡುತ್ತಿತ್ತು. ಬೇರೆ ಸೇವೆ ಆನ್ ಮಾಡಿದಾಗ ಜೊತೆಯಲ್ಲೇ ಬಂದು ಕೂತ ಏಜೆಂಟ್ ಅದು, ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನಮ್ಮದು ಆ ಏಜೆಂಟೂ ಅಲ್ಲ, ಆ ಕಂಪನಿಯೂ ಅಲ್ಲ. ಆದರೆ ರೂಟ್ ಆಗಿ ಓಡುವ, ಪೋರ್ಟ್ ತೆರೆದಿರುವ, ಅಪ್‌ಡೇಟ್ ಬರದ ಏಜೆಂಟ್ ಅಂದರೆ ಏನು ಅಂತ ಅವರಿಗೆ ಆಗ ಅರ್ಥವಾಯಿತು.

ನಿಮಗೆ ಹೇಳುವುದಿಷ್ಟೇ. ಮ್ಯಾನೇಜ್‌ಮೆಂಟ್ ಸರ್ವರ್ ಆರಿಸುವ ಮುಂಚೆ ಏಜೆಂಟ್ ತೆಗೆಸಿ, ಆರಿಸಿದ ಮೇಲಲ್ಲ. ಹಾಕುವ ದಿನವೇ ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್ ಓದಿ, ಫೈಲ್ ಎತ್ತಿಟ್ಟುಕೊಳ್ಳಿ. ತೆಗೆದ ಮೇಲೆ ಪ್ರೋಸೆಸ್, ಪೋರ್ಟ್, ಯೂಸರ್, ಸುಡೋಯರ್ಸ್, ಕೀ, ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳ ಪಟ್ಟಿ) ಎಲ್ಲಾ ನೀವೇ ನೋಡಿ. ಫೋನಿನಲ್ಲಿ “ಹೊಡೀರಿ ಸರ್” ಅಂದರೆ ದಯವಿಟ್ಟು, ದಯವಿಟ್ಟು ಮೇಲ್ ಬರುವ ತನಕ ಕೈ ಕಟ್ಟಿ ಕೂತಿರಿ.

ಆ ಕೀಯ ಇನ್ನರ್ಧ ಅವರ ಹತ್ತಿರವೇ ಇದೆ, ಅದನ್ನು ಅಳಿಸಿದ್ದೇವೆ ಅಂತ ಒಂದು ಸಾಲು ಬರೆದುಕೊಡಿ ಅಂತ ಅವರನ್ನು ಕೇಳಿದ್ದೆ. “ಕರಾರು ಮುಗಿದಿರುವುದರಿಂದ ಟಿಕೆಟ್ ಮುಚ್ಚಲಾಗಿದೆ” ಅಂತ ಬಂತು. ಮತ್ತೆ ಟಿಕೆಟ್ ಹಾಕಿದ್ದೇನೆ. ಇವತ್ತಿನವರೆಗೆ ಉತ್ತರ ಇಲ್ಲ.