ಲಾಗ್ ಕೇಳದೆ ಒಂದು ರೂಪಾಯಿ ಕೊಡಬೇಡಿ

ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ವೆಬ್‌ಸೈಟ್, ಇಮೇಲ್ ಎರಡೂ ಮಂಗಳೂರಿನ ಒಬ್ಬ ಹೋಸ್ಟಿಂಗ್‌ನವನ (ತನ್ನ ಸರ್ವರ್ ಕಂಪ್ಯೂಟರಿನಲ್ಲಿ ಇಟ್ಟು ನಡೆಸುವವನ) ಹತ್ತಿರ. ಹೆಸರು ಬೇಡ, ಹೇಳಿದರೆ ನನ್ನ ಮರ್ಯಾದೆಯೂ ಹೋಗ್ತದೆ.

ಕೆಲಸದ ಹುಡುಗ ಬಿಟ್ಟು ಹೋದನೆಂದು ಇಮೇಲ್ ಪಾಸ್‌ವರ್ಡ್ ಬದಲಾಯಿಸಿದೆ. ಎರಡು ಕಂಪ್ಯೂಟರಿಗೂ ನನ್ನ ಮೊಬೈಲಿಗೂ ಹೊಸತು ಹಾಕಿದೆ. ಮರುದಿನ ಬೆಳಿಗ್ಗೆ ಮೇಲ್ ಇಲ್ಲ, ವೆಬ್‌ಸೈಟ್ ಇಲ್ಲ, ವೆಬ್‌ಸೈಟ್ ನೋಡಿಕೊಳ್ಳುವ ಕಂಟ್ರೋಲ್ ಪ್ಯಾನೆಲ್ಲೂ ಇಲ್ಲ. ಯೂಟ್ಯೂಬ್ ಗೀಟ್ಯೂಬ್ ಎಲ್ಲ ಸರಿ. ಬ್ರಹ್ಮಕಲಶದ ಆಮಂತ್ರಣದ ಕರಡು ಆ ಮೇಲಿನಲ್ಲೇ ಸಿಕ್ಕಿಬಿದ್ದಿತ್ತು, ಸಮಿತಿಯವರದ್ದು ಗಂಟೆಗೊಂದು ಫೋನ್.

ಹೋಸ್ಟಿಂಗ್‌ನವನಿಗೆ ಹೇಳಿದರೆ, "ನಮ್ಮಲ್ಲಿ ಓಪನ್ ಆಗ್ತಾ ಉಂಟಲ್ಲ ಸಾರ್, ನಿಮ್ಮ ನೆಟ್ ನೋಡಿ." ನೆಟ್‌ನವರನ್ನು ಕರೆಸಿದೆ, ಅವರದ್ದೇನೂ ತಪ್ಪಿಲ್ಲ. ಮೊಬೈಲ್ ಡೇಟಾದಲ್ಲಿ ನೋಡಿದರೆ ಎಲ್ಲ ಓಪನ್! ಅದನ್ನೂ ಅವನಿಗೆ ಹೇಳಿದೆ. ನನಗೆ ಗೊತ್ತಾಗಲಿಲ್ಲ ಸರಿ, ಅವನಿಗೆ ಗೊತ್ತಾಗಬೇಡವಾ? ನಮ್ಮ ಐಪಿ (ಇಂಟರ್ನೆಟ್ಟಿನಲ್ಲಿ ನಮ್ಮ ಕನೆಕ್ಷನ್ನಿನ ವಿಳಾಸ) ಅವನ ಸರ್ವರಿನಲ್ಲಿ ಬ್ಲಾಕ್ ಆಗಿದೆ ಅಂತ ಹೇಳಲಿಕ್ಕೆ ಒಂದು ನಿಮಿಷ ಸಾಕಿತ್ತು. ಹೇಳಿದ್ದು, "ಹಾಗಾದ್ರೆ ವೈರಸ್ ಸಾರ್, ಕ್ಲೀನ್ ಮಾಡ್ಬೇಕು."

3,500 ರೂಪಾಯಿ. ಕೊಟ್ಟೆ ಮಾರಾಯ್ರೇ, ಕೊಟ್ಟೆ. ಅವನು ಕಳಿಸಿದ ಹುಡುಗ ಎರಡೂ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ. ನುಡಿ ಫಾಂಟು, ಮಲಯಾಳದ ಫಾಂಟು, ಎಲ್ಲ ಹೋಯ್ತು. ಸಂಜೆಗೆ ಎಲ್ಲ ಸರಿ (ಹೋಸ್ಟಿಂಗ್‌ನವನೇ ಆಚೆಯಿಂದ ಬ್ಲಾಕ್ ತೆಗೆದದ್ದಂತೆ, ಮತ್ತೆ ಗೊತ್ತಾಯ್ತು). ಬೆಳಿಗ್ಗೆ ಪುನಃ ಬಂದ್.

"ಪುನಃ ವೈರಸ್ ಬಂದಿದೆ ಸಾರ್."

ನಿನ್ನೆ ಫಾರ್ಮ್ಯಾಟ್ ಮಾಡಿದ ಕಂಪ್ಯೂಟರಿಗೆ!

ತಂಗಿಯ ಮಗ ಬಂದವ ಒಂದೇ ಮಾತು ಹೇಳಿದ: "ಮಾವ, ಸರ್ವರಿನ ಮೇಲ್ ಲಾಗ್ ತರಿಸಿ." ಲಾಗ್ ಅಂದರೆ ಯಾರು, ಯಾವಾಗ, ಎಲ್ಲಿಂದ ಮೇಲ್ ತೆರೆಯಲಿಕ್ಕೆ ನೋಡಿದರು ಎಂಬ ದಾಖಲೆ. ಮೂರು ಸಲ ಕೇಳಿದ ಮೇಲೆ ಬಂತು. ನಮ್ಮದೇ ಐಪಿ, ನಮ್ಮದೇ ಇಮೇಲ್, ತಪ್ಪು ಪಾಸ್‌ವರ್ಡ್, ಸಾಲು ಸಾಲು. ರಾತ್ರಿ ಎರಡು ಗಂಟೆಗೂ! ಅಷ್ಟು ಹೊತ್ತಿಗೆ ಅಂಗಡಿಯ ಕಂಪ್ಯೂಟರ್ ಎಲ್ಲ ಆಫ್. ಮತ್ತೆ ಯಾವುದು? ಅಂಗಡಿಯ ಮೇಲೆಯೇ ಮನೆ, ವೈಫೈ ಒಂದೇ. ಅತ್ತೆಗೆ ಯಕ್ಷಗಾನ ನೋಡಲಿಕ್ಕೆ ಕೊಟ್ಟ ನನ್ನ ಹಳೇ ಮೊಬೈಲ್, ಚಾರ್ಜಿಗೆ ಹಾಕಿಟ್ಟದ್ದು. ಅದರಲ್ಲಿ ಅಂಗಡಿಯ ಮೇಲ್ ಹಾಗೇ ಇತ್ತು, ಔಟ್‌ಬಾಕ್ಸಿನಲ್ಲಿ ಹೋಗದ ಒಂದು ಮೇಲೂ. ಹಳೇ ಪಾಸ್‌ವರ್ಡ್ ಹಿಡಿದು ಇಡೀ ರಾತ್ರಿ ಬಾಗಿಲು ಬಡಿಯುವುದೇ ಅದರ ಕೆಲಸ. ಪಾಪ ಅತ್ತೆಗೆ ಎಂತ ಗೊತ್ತು.

ವೈಫೈಯಲ್ಲಿ ಎಷ್ಟು ಮೊಬೈಲ್ ಇದ್ದರೂ ಹೊರಗೆ ಕಾಣುವ ಐಪಿ ಒಂದೇ. ಒಂದು ತಪ್ಪಿದರೆ ಎಲ್ಲರೂ ಹೊರಗೆ. ಫೇಲ್‌ಟುಬ್ಯಾನ್ ಎಂಬ ಕಾವಲಿನ ಸಾಫ್ಟ್‌ವೇರಿನ ಮೂಲ ಸೆಟ್ಟಿಂಗಿನಲ್ಲಿ 10 ನಿಮಿಷದೊಳಗೆ 5 ಸಲ ಪಾಸ್‌ವರ್ಡ್ ತಪ್ಪಾದರೆ 10 ನಿಮಿಷ ಬ್ಲಾಕ್. ಈ ಮಹಾಶಯ ಒಂದು ದಿನಕ್ಕೆ ಇಟ್ಟಿದ್ದ, ಅದೂ ಮೇಲಿಗೆ ಮಾತ್ರ ಅಲ್ಲ, ಎಲ್ಲದಕ್ಕೂ. ಹಳೇ ಮೊಬೈಲಿನಿಂದ ಅಕೌಂಟ್ ತೆಗೆದು, ಬ್ಲಾಕ್ ಬಿಡಿಸಿದ ಮೇಲೆ ಇಷ್ಟರವರೆಗೆ ತೊಂದರೆ ಇಲ್ಲ.

ಹಣ ವಾಪಸ್ ಕೇಳಿದೆ. "ಮೊಬೈಲ್ ನಿಮ್ಮದೇ ಅಲ್ವಾ ಸಾರ್. ಲಾಗ್ ನೀವು ಮೊದಲು ಕೇಳ್ಳಿಲ್ಲ ಅಲ್ವಾ." ನಾನು ಕೇಳಬೇಕಿತ್ತಂತೆ!

ಪಾಸ್‌ವರ್ಡ್ ಬದಲಾಯಿಸಿದರೆ ಮನೆಯ ಹಳೇ ಮೊಬೈಲ್, ಟ್ಯಾಬ್ ಎಲ್ಲ ನೋಡಿ. ವೈಫೈಯಲ್ಲಿ ಇಲ್ಲ, ಡೇಟಾದಲ್ಲಿ ಉಂಟು ಅಂತಾದರೆ ಮೊದಲು ಐಪಿ ಬ್ಲಾಕ್ ಆಗಿದೆಯಾ ಕೇಳಿ, ಲಾಗ್ ಕೇಳಿ. ವೈರಸ್ ಅಂದವನಿಗೆ ಕಂಪ್ಯೂಟರ್ ಮುಟ್ಟಲಿಕ್ಕೆ ಬಿಡಬೇಡಿ.

ಆಮಂತ್ರಣ ಕೊನೆಗೆ ಕುಂಬಳೆಯಲ್ಲಿ ಬೇರೆಯವರ ಹತ್ತಿರ ಪ್ರಿಂಟಾಯ್ತು.