ದೀರ್ಘಾವಧಿ ಎಲ್‌ಎನ್‌ಜಿ ಒಪ್ಪಂದ: ಕತಾರ್, ಅಮೆರಿಕ, ಆಸ್ಟ್ರೇಲಿಯಾ, ಕೆನಡಾ – ಯಾರದು ಅಗ್ಗ?

ಎಲ್‌ಎನ್‌ಜಿ ಎಂದರೆ ದ್ರವೀಕೃತ ನೈಸರ್ಗಿಕ ಅನಿಲ. ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ದ್ರವವಾಗಿಸುವ ತಂತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ವೆಚ್ಚದ ಅಂತರ ಹುಟ್ಟುವುದು ಬಾವಿಯಲ್ಲಿ, ಕಾಮಗಾರಿಯಲ್ಲಿ, ಹಡಗಿನ ದಾರಿಯಲ್ಲಿ.

ಉತ್ಪಾದನಾ ವೆಚ್ಚವೊಂದನ್ನೇ ನೋಡಿದರೆ ಕತಾರ್‌ಗೆ ಸಾಟಿಯಿಲ್ಲ. ಅಲ್ಲಿನ ಬೃಹತ್ ಅನಿಲ ನಿಕ್ಷೇಪ ನಾರ್ತ್ ಫೀಲ್ಡ್‌ನಲ್ಲಿ ಅನಿಲದ ಜೊತೆಗೇ ಸಿಗುವ ಕಂಡೆನ್ಸೇಟ್ (ಹಗುರ ತೈಲ) ಮತ್ತು ಎಲ್‌ಪಿಜಿ ಮಾರಾಟದಿಂದಲೇ ಖರ್ಚಿನ ದೊಡ್ಡ ಪಾಲು ಗಿಟ್ಟುತ್ತದೆ. ಆದರೆ ಆ ಲಾಭ ಮಾರುವವರ ಜೇಬಿಗೆ. ಕೊಳ್ಳುವವರಿಗೆ ದರ ಸಾಮಾನ್ಯವಾಗಿ ಕಚ್ಚಾ ತೈಲಕ್ಕೆ ತಳಕು ಹಾಕಿಕೊಂಡಿರುತ್ತದೆ. ಸರಕನ್ನು ಬೇರೆ ದೇಶಕ್ಕೆ ತಿರುಗಿಸಲು ನಿರ್ಬಂಧವೂ ಇರುವುದುಂಟು. ಹಡಗುಗಳೆಲ್ಲ ಪರ್ಷಿಯನ್ ಕೊಲ್ಲಿಯ ಇಕ್ಕಟ್ಟಾದ ಬಾಯಿಯಾದ ಹೊರ್ಮುಜ್ ಜಲಸಂಧಿಯನ್ನೇ ದಾಟಬೇಕು.

ಅಮೆರಿಕದ್ದು ಬಿಚ್ಚಿಟ್ಟ ಲೆಕ್ಕ. ಅಲ್ಲಿನ ಒಪ್ಪಂದಗಳ ಪರಿಚಿತ ಸೂತ್ರವೆಂದರೆ ಹೆನ್ರಿ ಹಬ್ ದರದ (ಅಮೆರಿಕದ ಅನಿಲ ಮಾರುಕಟ್ಟೆಯ ಮಾನದಂಡ ಬೆಲೆ) ಶೇ 115, ಅದರ ಮೇಲೆ ದ್ರವೀಕರಣ ಶುಲ್ಕ. ಶುಲ್ಕ 2.50 ಡಾಲರ್, ಹೆನ್ರಿ ಹಬ್ 3 ಡಾಲರ್ ಎಂದಿಟ್ಟುಕೊಳ್ಳಿ: ಹಡಗಿಗೇರುವಾಗ ಪ್ರತಿ ಎಂಎಂಬಿಟಿಯುಗೆ (ಅನಿಲದ ಶಾಖಶಕ್ತಿ ಅಳೆಯುವ ಮಾನ) 5.95 ಡಾಲರ್. ಹೆನ್ರಿ ಹಬ್ 6ಕ್ಕೇರಿದರೆ 9.40. ಬೇಡವೆನಿಸಿದರೆ ಸರಕು ಬಿಟ್ಟುಬಿಡಬಹುದು, ಶುಲ್ಕ ಮಾತ್ರ ತಪ್ಪದು. ಏಷ್ಯಾಕ್ಕೆ ಸಾಗಿಸುವಾಗ ಪನಾಮಾ ಕಾಲುವೆಯಲ್ಲಿ ಸರದಿ ಸಿಗದಿದ್ದರೆ ಆಫ್ರಿಕಾ ಸುತ್ತಿ ಬರಬೇಕಾಗಬಹುದು; ಸಾಗಣೆ ವೆಚ್ಚ ಅಲ್ಲಿಯೇ ಏರುತ್ತದೆ. ಹೆಚ್ಚುವರಿ ಸರಕನ್ನು ಮರುಮಾರಾಟ ಮಾಡಬಲ್ಲ ಖರೀದಿದಾರರಿಗೆ ನನ್ನ ಮೊದಲ ಆಯ್ಕೆ ಇದೇ. ವರ್ಷವಿಡೀ ಒಂದೇ ಸಮನೆ ಬೇಡಿಕೆಯಿರುವವರು ಕತಾರ್‌ನತ್ತ ನೋಡಲಿ.

ಆಸ್ಟ್ರೇಲಿಯಾ ಏಷ್ಯಾಕ್ಕೆ ಹತ್ತಿರ, ಕಾಮಗಾರಿ ಮಾತ್ರ ದುಬಾರಿ. ಅಲ್ಲಿನ ಗಾರ್ಗನ್ ಎಲ್‌ಎನ್‌ಜಿ ಯೋಜನೆಯ ವೆಚ್ಚ 37 ಶತಕೋಟಿ ಡಾಲರ್‌ನಿಂದ 54 ಶತಕೋಟಿಗೆ ಜಿಗಿದಿತ್ತು.

2025ರಲ್ಲಿ ರಫ್ತು ಆರಂಭಿಸಿದ ಕೆನಡಾದ ಪಶ್ಚಿಮ ಕರಾವಳಿಯ ಕಿಟಿಮ್ಯಾಟ್ ಸ್ಥಾವರಕ್ಕೆ ಅಗ್ಗದ ಅನಿಲ, ತಣಿಸುವ ಕೆಲಸ ಹಗುರಾಗಿಸುವ ತಂಪು ಹವೆ, ಜಪಾನಿಗೆ ನೇರ ದಾರಿ ಎಲ್ಲವೂ ಇವೆ. ಆದರೆ ಬೆಟ್ಟ ಸೀಳಿ ಹಾಕಿದ 670 ಕಿ.ಮೀ. ಕೊಳವೆಮಾರ್ಗದ ವೆಚ್ಚ 6.2 ಶತಕೋಟಿ ಕೆನಡಿಯನ್ ಡಾಲರ್‌ನಿಂದ 14.5 ಶತಕೋಟಿಗೆ ಏರಿತು.