ಕಿಟಕಿ ಅಳತೆಯ ಚೀಟಿಗೆ ಅಂಗಡಿಯವರ ಸಹಿ ಇಲ್ಲದೆ ಮುಂಗಡ ಕೊಡಬೇಡಿ

ದೀಪಾವಳಿ ಕಳೆದರೆ ಉಡುಪಿ ಕಡೆ ಮನೆ ರಿಪೇರಿ ಕೆಲಸ ಶುರುವಾಗುತ್ತದೆ. ಹಳೇ ಹಂಚಿನ ಮನೆಗೆ ಹೊಸ ಕಿಟಕಿ ಬಾಗಿಲು ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ.

ನಮ್ಮದು ಕಲ್ಯಾಣಪುರದ ಹತ್ತಿರ, ಕೆಂಪುಕಲ್ಲಿನ ಗೋಡೆಯ ಮನೆ. ಕಿಟಕಿಯ ದಾರಂದಗಳು, ಅಂದರೆ ಗೋಡೆಗೆ ಕೂರಿಸಿದ ಚೌಕಟ್ಟುಗಳು, ಅಜ್ಜನ ಕಾಲದ ಹಲಸಿನವು, ಇನ್ನೂ ಗಟ್ಟಿ. ಕಿಟಕಿಯ ಬಾಗಿಲುಗಳು ಮಾತ್ರ ಗೆದ್ದಲು ಹಿಡಿದು ಹೋಗಿದ್ದವು. ಕಳೆದ ಬೇಸಿಗೆಯಲ್ಲಿ ಒಂದು ಅಂಗಡಿಯಲ್ಲಿ ಮಾತಾಡಿದೆವು. "ಅಳತೆಗೆ ನಮ್ಮ ಜನವೇ ಬರ್ತಾರೆ, ನಿಮಗೆ ಎಂತ ತಲೆಬಿಸಿ ಇಲ್ಲ" ಅಂದರು. ಬಂದ ಹುಡುಗ ಚಾವಡಿಯ ಕಿಟಕಿಗೆ ಟೇಪಿನ ಕೊಕ್ಕೆ ಸಿಕ್ಕಿಸಿದ, ಮೇಲ್ಭಾಗದ ಅಗಲ ಒಂದು ಸಲ, ಎತ್ತರ ಒಂದು ಸಲ ನೋಡಿದ, ಅಂಗಡಿಗೆ ಫೋನಿನಲ್ಲೇ ಅಂಕಿ ಹೇಳಿದ. ಉಳಿದ ಕಿಟಕಿಗಳ ಹತ್ತಿರ ಹೋಗಲೇ ಇಲ್ಲ. ನನ್ನ ತಾಯಿ ಕೇಳಿದ್ದಕ್ಕೆ "ಎಲ್ಲ ಒಂದೇ ಸೈಜು ಅಮ್ಮ, ನೋಡಿದ್ರೆ ಗೊತ್ತಾಗ್ತದೆ" ಅಂದ.

ಬಾಗಿಲುಗಳು ಬಂದಾಗ ಚಾವಡಿಯದ್ದು ಹೇಗೋ ಕೂತಿತು. ಪಡುಬದಿಯ ಕೋಣೆಯದ್ದು ಮೇಲೆ ಸರಿಯಿತ್ತು, ಕೆಳಗೆ ದಾರಂದಕ್ಕೆ ಕಚ್ಚಿತು. ನಾವೇ ಟೇಪು ಹಿಡಿದು ನೋಡಿದರೆ ದಾರಂದದ ಅಗಲ ಮೇಲೆ 910 ಮಿಲಿಮೀಟರ್, ಕೆಳಗೆ 898. ಕೂರಿಸಲು ಬಂದವರು ಅಲ್ಲೇ ಕೀಸುಳಿ ಹೊಡೆದು ಅಂಚು ತೆಗೆದರು. ಪಾಲಿಶ್ ಹೋದ ಆ ಅಂಚು ಜೂನಿನ ಮೊದಲ ಎರಚಲಿಗೇ ನೀರು ಕುಡಿದು ಉಬ್ಬಿತು. ಮಳೆಗಾಲವಿಡೀ ಬಾಗಿಲು ಮುಚ್ಚಲಿಲ್ಲ. ಅಮ್ಮನ ಮಂಚ ಇದ್ದದ್ದು ಅದೇ ಕಿಟಕಿಯ ಬುಡದಲ್ಲಿ; ಆಚೆ ಸರಿಸಬೇಕಾಯಿತು.

ಅಂಗಡಿಗೆ ಹೋದರೆ ಬಿಲ್ಲಿನ ಹಿಂಬದಿ ತೋರಿಸಿದರು. "ಅಳತೆಗೆ ಗ್ರಾಹಕರೇ ಜವಾಬ್ದಾರರು. ಆರ್ಡರಿನ ಮಾಲು ವಾಪಸ್ ಇಲ್ಲ." ಅಳತೆ ತೆಗೆದದ್ದು ಅವರ ಹುಡುಗ, ಬಿಲ್ಲು ಕೈಗೆ ಬಂದದ್ದು ಮುಂಗಡ ಕೊಟ್ಟ ಮೇಲೆ. ಇದು ಶುದ್ಧ ಅನ್ಯಾಯ.

ಹಾಗಾಗಿ ಅಳತೆಗೆ ಯಾರು ಬಂದರೂ ಪಕ್ಕದಲ್ಲಿ ನಿಲ್ಲಿ. ಹಳೇ ದಾರಂದ ಗೋಡೆಯ ಭಾರಕ್ಕೆ ಓರೆಯಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಎತ್ತರವನ್ನು ಎಡ, ನಡು, ಬಲದಲ್ಲಿ. ಕಡಿಮೆ ಬಂದದ್ದೇ ಲೆಕ್ಕ. ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪು ಹಿಡಿಸಿ. ಎರಡು ಅಂಕಿ ಸಮ ಬರದಿದ್ದರೆ ರಟ್ಟಿನಲ್ಲಿ ಅಚ್ಚು ತೆಗೆಯಲು ಹೇಳಿ. ಪ್ರತಿ ಕಿಟಕಿಗೂ ಬೇರೆ ನಂಬರು, ಬೇರೆ ಸಾಲು, ಎಲ್ಲ ಮಿಲಿಮೀಟರಿನಲ್ಲೇ. ಬರೆದದ್ದು ದಾರಂದದ ಅಳತೆಯೋ, ಸಂದು (ಬಾಗಿಲು ಆಡಲು ಸುತ್ತ ಬಿಡುವ ಜಾಗ) ಕಳೆದ ಬಾಗಿಲಿನ ಅಳತೆಯೋ ಎಂಬುದೂ ಅಲ್ಲೇ ಇರಲಿ, ಇಲ್ಲದಿದ್ದರೆ ಸಂದು ಎರಡು ಸಲ ಕಳೆಯುತ್ತಾರೆ. ಆ ಚೀಟಿಗೆ ಅಳೆದವರ ಸಹಿ, ಅಂಗಡಿಯ ಸೀಲು ಬಿದ್ದ ಮೇಲೆ ಮುಂಗಡದ ಮಾತು. ಕೀಲು ಹಿತ್ತಾಳೆಯದ್ದೇ ಕೇಳಿ, ನಮ್ಮ ಉಪ್ಪುಗಾಳಿಗೆ ಕಬ್ಬಿಣ ತಾಳುವುದಿಲ್ಲ.

ಈಗಾಗಲೇ ಸಿಕ್ಕಿಬಿದ್ದವರು 1915 ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ನಾವೂ ದೂರು ಕೊಡುತ್ತಿದ್ದೇವೆ. ಬಿಲ್ಲು, ಹಣ ಕಟ್ಟಿದ ರಸೀದಿ, ಕೀಸುಳಿ ಹೊಡೆದ ಅಂಚಿನ ಫೋಟೊ ಇವೆ. ಅಳತೆಯ ಚೀಟಿ ಮಾತ್ರ ಇಲ್ಲ, ಅದನ್ನು ಅವರು ಬರೆದೇ ಇರಲಿಲ್ಲ.